ಕುಷ್ಟ ಹಾಡಿಸಿದ ಗೋಡೆಗಳು

ಕೋಡಿಯ ಕುಷ್ಟ ಮರಕಾಲ ಹುಟ್ಟಿದ್ದು ಸಮುದ್ರದಿಂದ ನೂರು ಮಾರು ದೂರದಲ್ಲಿ. ಆದರೆ ದೋಣಿ ಹತ್ತಿದರೆ ಸಾಕು, ಹಿಂದಿನ ದಿನ ಉಂಡದ್ದೆಲ್ಲ ಹೊರಗೆ ಬರುತ್ತಿತ್ತು. ಅವನ ಅಪ್ಪ ಸೋಮ ಮರಕಾಲ ಊರಿಗೇ ದೊಡ್ಡ ಮೀನುಗಾರ. ಮಗನನ್ನು ಮೂರು ಸಲ ದೋಣಿಗೆ ಹತ್ತಿಸಿ ನೋಡಿದ. ಮೂರನೆಯ ಸಲ ಮಗ ಬಲೆಯ ಮೇಲೆಯೇ ವಾಂತಿ ಮಾಡಿದ್ದಕ್ಕೆ ದಡಕ್ಕೆ ತಂದು ಇಳಿಸಿ, "ಕಡಲ್ ಕಂಡ್ರೆ ಕಾರ್ಕಂಬ ಮರಕಾಲ ಎಲ್ಲಾರೂ ಇದ್ನಾ? ಹೋಗ್, ಎಂತ ಬೇಕಾರೂ ಮಾಡ್ಕೊ" ಎಂದು ಕೈಮುಗಿದ.

ಕುಷ್ಟ ಸೀದಾ ಕುಂದಾಪುರ ಪೇಟೆಗೆ ಹೋಗಿ, ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಸೇರಿಕೊಂಡ. ವಯರು ಅಲುಗಾಡುವುದಿಲ್ಲ, ಹೊಟ್ಟೆ ತೊಳಸುವುದಿಲ್ಲ; ಅವನಿಗೆ ಅದೇ ಸ್ವರ್ಗ. ಮದುವೆ, ಯಕ್ಷಗಾನದ ಆಟ, ಭಾಷಣ ಎಲ್ಲದಕ್ಕೂ ಮೈಕ್ ಕಟ್ಟಿದ. ಕರೆಂಟು ಊರೂರಿಗೆ ಬರತೊಡಗಿದಾಗ ಮಂಗಳೂರಿಗೆ ಹೋಗಿ ವಯರ್‌ಮ್ಯಾನ್ ಪರೀಕ್ಷೆ ಬರೆದು ಪಾಸಾಗಿ ಬಂದ. ಅವನು ಕಟ್ಟಿದ ಜಾಯಿಂಟನ್ನು ಇಬ್ಬರು ಹಿಡಿದು ಎಳೆದರೂ ಬಿಚ್ಚುತ್ತಿರಲಿಲ್ಲ. ಬಲೆಯ ಗಂಟು ಹಾಕುವ ಮನೆತನದ ಕೈ ಅದು, ಕಡಲಿಗೆ ಆಗದಿದ್ದರೂ ತಾಮ್ರಕ್ಕೆ ಆಯಿತು.

ಇಷ್ಟೆಲ್ಲ ಇದ್ದೂ ಅವನಿಗೆ ಒಂದು ತಾಪತ್ರಯವಿತ್ತು. ನಮ್ಮ ಕಡೆಯ ದೊಡ್ಡ ಮನೆಗಳು ಆಗ ಹೇಗಿದ್ದವೆಂದರೆ, ಮನೆ ಕಟ್ಟುವಾಗ ಯಾರು ಬೇಕಾದರೂ ಎಲ್ಲಿ ಬೇಕಾದರೂ ಹೋಗಬಹುದು. ಕಲ್ಲು ಹೊರುವವರು ದೇವರ ಕೋಣೆಯಲ್ಲಿ ಬೀಡಿ ಸೇದಬಹುದು, ಬಡಗಿ ಅಡುಗೆ ಕೋಣೆಯಲ್ಲಿ ಮಧ್ಯಾಹ್ನ ಗೊರಕೆ ಹೊಡೆಯಬಹುದು. ಒಕ್ಕಲಿನ ದಿನ, ಅಂದರೆ ಗೃಹಪ್ರವೇಶಕ್ಕೆ, ಒಲೆಯ ಮೇಲೆ ಹಾಲು ಉಕ್ಕುವವರೆಗೆ ಅದು ಬರೀ ಕಲ್ಲಿನ ರಾಶಿ. ಹಾಲು ಉಕ್ಕಿತೋ, ಮನೆಯಾಯಿತು. ಅಲ್ಲಿಂದ ಮುಂದೆ ಕುಷ್ಟನಂಥವರಿಗೆ ಜಗಲಿಯೇ ಕೊನೆಯ ಸ್ಟಾಪು. ಎಲ್ಲ ಮನೆಗಳೂ ಹಾಗಿರಲಿಲ್ಲ ಅನ್ನಿ. ಆದರೆ ವಯರಿಂಗ್ ಮಾಡಿಸುವಷ್ಟು ಅನುಕೂಲ ಇದ್ದ ಮನೆಗಳು ಹಾಗೆಯೇ ಇದ್ದವು.

ಬ್ರಹ್ಮಾವರದ ಒಂದು ದೊಡ್ಡ ಮನೆಗೆ ಕುಷ್ಟ ಮೊದಲ ಸಲ ಪೂರಾ ಲೈಟಿನ ವಯರಿಂಗ್ ಮಾಡಿದ. ಒಕ್ಕಲಾಗಿ ತಿಂಗಳಾಗಿತ್ತು, ನಡುಮನೆಯಲ್ಲಿ ಒಂದು ದೀಪ ಕಣ್ಣುಮಿಟುಕಿಸತೊಡಗಿತು. ಕುಷ್ಟ ಓಡಿಹೋದ. ಹೋಲ್ಡರಿನ ಹತ್ತಿರ ಒಂದು ತಿರುಪು ಸಡಿಲಾಗಿದೆ ಎಂದು ಅಂಗಳದಲ್ಲಿ ನಿಂತೇ ಗೊತ್ತಾಯಿತು. ಹತ್ತು ಹೆಜ್ಜೆ ಒಳಗೆ ಹೋಗಿ ತಿರುಪು ಬಿಗಿಮಾಡಿದರೆ ಮುಗಿಯಿತು. ಆ ಹತ್ತು ಹೆಜ್ಜೆಗೆ ಯಾರೂ ಹೂಂ ಅನ್ನಲಿಲ್ಲ. ಉಡುಪಿಯಿಂದ ಉಮಾನಾಥ ಎಂಬ ವಯರ್‌ಮ್ಯಾನನ್ನು ಕರೆಸಿದರು. ಉಮಾನಾಥನಿಗೆ ಒಳಗೆ ಹೋಗುವ ಜಾತಿಯಿತ್ತು, ಕೆಲಸ ಅಷ್ಟಕ್ಕಷ್ಟೆ. ಅವನು ತಿರುಪು ಬಿಗಿಮಾಡಿ, ಹೊರಗೆ ಬಂದು, ಚಾ ಕುಡಿಯುತ್ತ, "ಇದ್ ವಯರಿಂಗಾ, ಬಲೆ ನೇಯ್ದದ್ದಾ?" ಎಂದು ನಾಲ್ಕು ಜನರ ಎದುರು ನಕ್ಕ. ಆ ಮಾತು ಬಾರ್ಕೂರಿನವರೆಗೂ ಹೋಯಿತು. ಒಂದು ವರ್ಷ ಕುಷ್ಟನಿಗೆ ಒಂದು ಮನೆಯ ಕೆಲಸವೂ ಬರಲಿಲ್ಲ.

ಕುಷ್ಟನಿಗೆ ಹೊಟ್ಟೆ ಉರಿದದ್ದು ಕೆಲಸ ಹೋದದ್ದಕ್ಕಲ್ಲ. ತಾನು ಮಾಡಿದ ಕೆಲಸವನ್ನು ತಾನೇ ಹೋಗಿ ಮುಟ್ಟಲು ಆಗದ್ದಕ್ಕೆ. ಮನೆಯೊಳಗಿನ ಒಂದೊಂದು ಮೊಳೆಯೂ ತನಗೆ ಗೊತ್ತು, ಒಳಗೆ ಹೋಗುವವನು ಮಾತ್ರ ಇನ್ನೊಬ್ಬ. "ಒಂದಲ್ಲ ಒಂದ್ ದಿನ ನಾ ವಯರ್ ಎಳ್ದ ಮನಿಗೆ ವಯರ್‌ಮ್ಯಾನ್ ಆಯಿಯೇ ಒಳ್ಗ್ ಹೋತೆ" ಎಂದು ಹೆಂಡತಿ ಪದ್ದುವಿನ ಎದುರು ಹೇಳಿದ. ಪದ್ದು ಮೀನಿನ ಬುಟ್ಟಿ ತಲೆಗೆ ಏರಿಸಿಕೊಳ್ಳುತ್ತ, "ಹೋಯ್ನಿ, ನಾ ಬೇಡ ಅಂದ್ನಾ" ಎಂದಳು. ಅವಳು ಇಪ್ಪತ್ತು ಮನೆಗಳ ಅಂಗಳ ನೋಡಿದವಳು, ಒಂದರ ನಡುಮನೆಯನ್ನೂ ನೋಡಿದವಳಲ್ಲ.

ಸಾವಿರದ ಒಂಬೈನೂರ ಅರವತ್ತೇಳರಲ್ಲಿ ತಲ್ಲೂರಿನ ಗುಣಪಾಲ ಶೆಟ್ಟರು ಮುಂಬಯಿಯಿಂದ ಬಂದಿಳಿದರು. ಅಲ್ಲಿ ಹೋಟೆಲು ಚೆನ್ನಾಗಿ ನಡೆದು ಹೊಟ್ಟೆ ಮುಂದೆ ಬಂದಿತ್ತು. ಹೆದ್ದಾರಿಯ ಪಕ್ಕ ಏಳು ಕೋಣೆಯ ಮನೆಗೆ ಪಾಯ ತೋಡಿಸಿ, ಕುಷ್ಟನನ್ನು ಕರೆಸಿದರು. ಮುಂಬಯಿಯ ಯಾವುದೋ ದೊಡ್ಡ ಹೋಟೆಲಿನಲ್ಲಿ ಪಾಯಿಖಾನೆಯಲ್ಲೂ ಹಾಡು ಕೇಳಿಸುತ್ತದಂತೆ, ಅದು ಅವರ ತಲೆಯೊಳಗೆ ಹೊಕ್ಕಿತ್ತು.

"ಕಾಣ್ ಕುಷ್ಟ, ರೇಡಿಯೊ ಒಂದೇ ಇರ್ಕ್. ಜಗಲಿಯಗೆ ಕೂಕಂಡ್ರೂ ಪದ್ಯ ಕೇಣ್ಕ್, ಬಚ್ಚಲಗೆ ಮಿಂದ್ರೂ ಕೇಣ್ಕ್. ಗೋಡಿ ಮೇಲ್ ಒಂದ್ ವಯರೂ ಕಾಂಬುಕಾಗ. ಆತ್ತಾ?"

"ಆತ್ತ್ ಒಡೇರೆ" ಎಂದ ಕುಷ್ಟ. ಆಗುತ್ತದೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ.

ಮಾಮೂಲಿ ವಯರ್‌ಮ್ಯಾನ್ ಆಗಿದ್ದರೆ ಒಂದೇ ವಯರನ್ನು ಕೋಣೆಯಿಂದ ಕೋಣೆಗೆ ಎಳೆದು, ಅಲ್ಲಲ್ಲಿ ಜಾಯಿಂಟು ಹಾಕಿ ಒಂದೊಂದು ಸ್ಪೀಕರು ಸಿಕ್ಕಿಸುತ್ತಿದ್ದ. ಕುಷ್ಟ ಮರಳಿನ ಮೇಲೆ ಮನೆಯ ನಕ್ಷೆ ಗೀಚಿಕೊಂಡು ಮೂರು ದಿನ ಕುಳಿತ. ಬ್ರಹ್ಮಾವರದ ಆ ಹತ್ತು ಹೆಜ್ಜೆ ಕಣ್ಣೆದುರು ಬರುತ್ತಿತ್ತು. ಹಾಳಾಗುವುದು ಯಾವತ್ತೂ ಜಾಯಿಂಟು, ನಡುವಿನ ವಯರಲ್ಲ. ಹಾಗಾದರೆ ಒಳಗೆ ಜಾಯಿಂಟೇ ಇಲ್ಲದಿದ್ದರೆ? ಏಳು ಕೋಣೆಗೆ ಏಳು ಬೇರೆ ಬೇರೆ ವಯರು, ನಡುವೆ ಎಲ್ಲೂ ಕತ್ತರಿಸದೆ, ಗೋಡೆಯೊಳಗಿನ ಪೈಪಿನಲ್ಲಿ ಸೀದಾ ಜಗಲಿಗೆ ತರುವುದು. ಜಗಲಿಯ ಗೋಡೆಯಲ್ಲಿ ಒಂದು ಮರದ ಪೆಟ್ಟಿಗೆ. ಅದರಲ್ಲೇ ರೇಡಿಯೊ, ಅದರಲ್ಲೇ ಮೈಕಿನ ಆಂಪ್ಲಿಫೈಯರು, ಅದರಲ್ಲೇ ಎಲ್ಲ ಜಾಯಿಂಟು. ಏನೇ ಕೆಟ್ಟರೂ ಜಗಲಿಯಲ್ಲಿ ನಿಂತು ರಿಪೇರಿ ಮಾಡಬಹುದು. ಯಾರ ಅಪ್ಪಣೆಯೂ ಬೇಡ.

ಕಲ್ಲಿನ ಮೇಸ್ತ್ರಿ ಚಂದಯ್ಯ ತಲೆ ಚಚ್ಚಿಕೊಂಡ. ಕಟ್ಟುತ್ತಿದ್ದ ಕೆಂಪುಕಲ್ಲಿನ ಗೋಡೆಯಲ್ಲಿ ಎರಡು ಸಾಲಿಗೊಮ್ಮೆ ಕುಷ್ಟ ಬಂದು ಪೈಪು ಇಡುತ್ತಿದ್ದ. "ಎಂತ ಮಾರಾಯ, ಈ ಗೋಡಿಗ್ ಎಷ್ಟ್ ಕರುಳ್ ತುಂಬ್ಸ್ತೆ ನೀ? ಇದ್ ಮನಿಯಾ, ದನವಾ?" ಎಂದು ಬಯ್ಯುತ್ತಲೇ ಗೋಡೆಯಲ್ಲಿ ಕಾಲುವೆ ಬಿಟ್ಟುಕೊಟ್ಟ. ಸ್ಪೀಕರು ಇಡಲು ಪ್ರತಿ ಕೋಣೆಯಲ್ಲೂ ತಲೆಗಿಂತ ಎತ್ತರದಲ್ಲಿ ಒಂದೊಂದು ಗೂಡು ಮಾಡಿದ. ಎದುರಿಗೆ ತೆಳು ಬಟ್ಟೆ ಕಟ್ಟಿದರೆ ಸ್ಪೀಕರು ಇದೆಯೆಂದು ಯಾರಿಗೂ ಗೊತ್ತಾಗದು.

ಶೆಟ್ಟರ ಅಕ್ಕ ಗಿರಿಜಾ ಶೆಡ್ತಿ ಆ ಮನೆಯ ನಿಜವಾದ ಯಜಮಾನಿ. ಅವರು ಕೋಲೂರಿಕೊಂಡು ಬಂದು ಗೂಡುಗಳನ್ನೆಲ್ಲ ಎಣಿಸಿ ಮೂಗು ಮುರಿದರು. "ಗೋಡಿ ಪದ್ಯ ಹೇಳುದಂಬ್ರಾ? ನಂಗೆ ಅಡಿಗಿ ಕೋಣ್ಯಗೆ ಹೆಂಗ್ಸ್ರ್ ಬಾಯೇ ಸಾಕಾಯ್ತ್ ಮಾರಾಯ, ಗೋಡಿದ್ ಬಾಯಿ ಬೇರೆ ಎಂತಕ್?" ಎಂದರು. ಆದರೂ ಅಡುಗೆ ಕೋಣೆಯ ಗೂಡನ್ನು ಬೇಡ ಅನ್ನಲಿಲ್ಲ.

ಒಕ್ಕಲಿನ ದಿನ ಎರಡು ತಾಲೂಕಿನ ದೊಡ್ಡ ಕುಳಗಳೆಲ್ಲ ಬಂದಿದ್ದರು. ಉಮಾನಾಥನೂ ಗರಿಗರಿ ಇಸ್ತ್ರಿ ಹಾಕಿಕೊಂಡು ಬಂದಿದ್ದ, ಕುಷ್ಟ ಎಲ್ಲಿ ಜಾರುತ್ತಾನೆ ನೋಡೋಣ ಎಂದು. ಹಾಲು ಉಕ್ಕಿತು. ಕುಷ್ಟ ಜಗಲಿಗೆ ಇಳಿದು ನಿಂತ. ಶೆಟ್ಟರು ಪೆಟ್ಟಿಗೆಯ ಬಾಗಿಲು ತೆಗೆದು ಗುಬುಟು ತಿರುಗಿಸಿದರು. ಸಿಲೋನ್ ಸ್ಟೇಷನ್ನಿನ ಹಾಡು ನಡುಮನೆಯಲ್ಲಿ, ಮಾಳಿಗೆಯಲ್ಲಿ, ಬಚ್ಚಲಿನಲ್ಲಿ ಒಟ್ಟಿಗೇ ಎದ್ದಿತು. ಜನ ಕಣ್ಣುಬಾಯಿ ಬಿಟ್ಟರು. ಬಚ್ಚಲಿನ ಬಾಗಿಲಲ್ಲಿ ಜಾತ್ರೆಯಾಯಿತು. ಅಷ್ಟರಲ್ಲಿ ಒಳಗಿನಿಂದ ಯಾರೋ ಕೂಗಿದರು, ಅಡುಗೆ ಕೋಣೆಯದು ಮೂಕ ಎಂದು.

ಕುಷ್ಟ ಪೆಟ್ಟಿಗೆಯಲ್ಲಿ ಅಡುಗೆ ಕೋಣೆಯ ವಯರನ್ನು ಪರೀಕ್ಷೆ ಮಾಡಿದ. ಜಾಯಿಂಟು ಸರಿ, ವಯರು ಸರಿ. ಹಾಳಾದದ್ದು ಸ್ಪೀಕರೇ. ಅದೊಂದನ್ನು ಮಾತ್ರ ಜಗಲಿಗೆ ತರಲು ಸಾಧ್ಯವಿರಲಿಲ್ಲ. ಉಮಾನಾಥ ಆಗಲೇ ಅಂಗಿಯ ತೋಳು ಮಡಚುತ್ತ, "ನಾ ಒಂದ್ಸಲ ಒಳ್ಗ್ ಹೋಯಿ ಕಾಂತೆ ಶೆಟ್ರೆ" ಎಂದು ಹೊಸ್ತಿಲ ಹತ್ತಿರ ಬಂದಿದ್ದ.

ಕುಷ್ಟನಿಗೆ ಎಲ್ಲಿಂದ ಬುದ್ಧಿ ಬಂತೋ, ಚೀಲದಿಂದ ಮೈಕ್ ತೆಗೆದು ಆಂಪ್ಲಿಫೈಯರಿಗೆ ಸಿಕ್ಕಿಸಿದ. ಹಾಡು ನಿಂತಿತು. ಆರು ಕೋಣೆಯಲ್ಲಿ ಕುಷ್ಟ ಮರಕಾಲನ ಗಂಟಲು ಮೊಳಗಿತು.

"ಒಡೇರೆ, ನಿಮ್ಗೇ ಹೇಳ್ತಾ ಇಪ್ಪುದ್. ಇನ್ಯಾರೂ ಮುಟ್ಟುದ್ ಬೇಡ. ಏಣಿ ತಕಂಡ್ ಅಡಿಗಿ ಕೋಣಿಗ್ ಹೋಯ್ನಿ."

ಸಿಲ್ಕ್ ಜುಬ್ಬದ ಗುಣಪಾಲ ಶೆಟ್ಟರು ಅತ್ತಿತ್ತ ನೋಡಿದರು. ಊರೇ ನೋಡುತ್ತಿತ್ತು. ಏಣಿ ಬಂತು. ಕುಷ್ಟ ಹೊಸ್ತಿಲಿನ ಮೇಲೆ ಒಂದು ಹೊಸ ಸ್ಪೀಕರು ಇಟ್ಟು ಸರಿದು ನಿಂತ. ಶೆಟ್ಟರು ಅದನ್ನು ಕಂಕುಳಲ್ಲಿ ಇರುಕಿಕೊಂಡು ಒಳಗೆ ಹೋಗಿ ಏಣಿ ಹತ್ತಿದರು. ಏಣಿ ಕಿರುಗುಟ್ಟಿತು.

"ಗೂಡಗೆ ಎಂತ ಕಾಂತ್ತ್?" ಎಂದು ಕೇಳಿತು ಪಕ್ಕದ ಊಟದ ಕೋಣೆಯ ಗೋಡೆ.

"ದೀಪ ಇತ್ತ್ ಮಾರಾಯಾ! ಎಣ್ಣಿ ಎಲ್ಲ ಚೆಲ್ಲಿತ್ತ್!" ಎಂದು ಶೆಟ್ಟರು ಒಳಗಿನಿಂದ ಅರಚಿದರು.

"ದೀಪವಾ? ಸ್ಪೀಕರಿನ ತಲಿ ಮೇಲ್ ದೀಪ ಇಟ್ಟ ಬುದ್ದಿವಂತ್ರ್ ಯಾರ್? ಕಣ್ಣ್ ಕಾಂತಿಲ್ಯಾ ಅವ್ರಿಗೆ? ಮನಿ ಸುಟ್ಟ್ ಹೋಪ್ದಿತ್ತ್!" ಎಂದು ಆರು ಗೋಡೆಗಳು ಬೈದವು.

ಅಡುಗೆ ಕೋಣೆಯ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕುಷ್ಟ ಮಾತ್ರ ಒಂದೂ ಅರಿಯದೆ, ಕೆಂಪು ವಯರು ಬಲಕ್ಕೆ, ಕಪ್ಪು ವಯರು ಎಡಕ್ಕೆ ಎಂದು ಹೇಳಿಕೊಡುತ್ತ ಹೋದ. ಐದು ನಿಮಿಷದಲ್ಲಿ ಅಡುಗೆ ಕೋಣೆ ಹಾಡಿತು. ಶೆಟ್ಟರು ಮೂಗಿಗೆ ಮಸಿ, ಜುಬ್ಬಕ್ಕೆ ಎಣ್ಣೆ ಬಳಿದುಕೊಂಡು ಹೊರಗೆ ಬಂದು, "ನಾನೇ ಸಮ ಮಾಡ್ದೆ" ಎಂದು ಎದೆ ಉಬ್ಬಿಸಿದರು. ಜನ ಶೆಟ್ಟರಿಗೆ ಚಪ್ಪಾಳೆ ತಟ್ಟಿದರು.

ಅವರ ಹಿಂದೆಯೇ ಗಿರಿಜಾ ಶೆಡ್ತಿ ಕೋಲೂರಿಕೊಂಡು ಬಂದು ಹೊಸ್ತಿಲ ಒಳಗೆ ನಿಂತರು. "ದೀಪ ಇಡ್ಸಿದ್ದ್ ನಾನ್" ಎಂದರು. "ಒಕ್ಕಲಿನ ದಿನ ಗೂಡಗೆ ದೀಪ ಇಡ್ದೆ ಮತ್ತೆಂತ ಇಡುದ್? ನಿನ್ ತಲಿಯಾ?"

ಕುಷ್ಟ ಮೈಕನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಅವರು ಅವನನ್ನೇ ಒಂದು ಗಳಿಗೆ ನೋಡಿ, ಒಳಗೆ ತಿರುಗಿಹೋದರು. ಅಂದು ಕುಷ್ಟ ಅಂಗಳದ ಪಂಕ್ತಿಯಲ್ಲಿ ಉಂಡ. ಅನ್ನ ಅರ್ಧಕ್ಕೇ ಬಿಟ್ಟ, ಆದರೂ ಪಾಯಸ ಎರಡು ಸಲ ಹಾಕಿಸಿಕೊಂಡ. ಊಟದ ಮೇಲೆ ವಿದ್ಯುತ್ ಕಚೇರಿಯ ಎಂಜಿನಿಯರೊಬ್ಬರು ಪೆಟ್ಟಿಗೆ ತೆಗೆದು ನೋಡಿ ದಂಗಾದರು. ಕೋಣೆಗೊಂದು ವಯರು, ನಡುವೆ ಜಾಯಿಂಟಿಲ್ಲ, ದೊಡ್ಡ ದೊಡ್ಡ ಪಟ್ಟಣಗಳಲ್ಲಿ ಹೀಗೆ ಮಾಡುತ್ತಾರೆ, ಯಾವ ಪುಸ್ತಕ ನೋಡಿ ಕಲಿತೆ ಎಂದು ಕೇಳಿದರು. "ಪುಸ್ತ್ಕ ಅಲ್ಲ ಸ್ವಾಮಿ, ಹೊಸ್ತಿಲ್" ಎಂದ ಕುಷ್ಟ. ಎಂಜಿನಿಯರಿಗೆ ಅದು ಅರ್ಥವಾಗಲಿಲ್ಲ, ನಕ್ಕು ಹೋದರು.

ಆಮೇಲೆ ಕುಷ್ಟನಿಗೆ ಪುರಸೊತ್ತೇ ಇಲ್ಲದಾಯಿತು. ಮುಂಬಯಿಯಿಂದ ಬಂದವರೆಲ್ಲರ ಮನೆಗೂ ಗೋಡೆ ಹಾಡಬೇಕು. ಹೆಮ್ಮಾಡಿ, ಕೋಟೇಶ್ವರ, ಬಾರ್ಕೂರು ಎಂದು ಎರಡು ವರ್ಷದಲ್ಲಿ ಐದು ಮನೆ ಮಾಡಿದ. ಐದಕ್ಕೂ ಜಗಲಿಯಲ್ಲೇ ಪೆಟ್ಟಿಗೆ. ಉಮಾನಾಥ ಉಡುಪಿಯಿಂದ ಈಚೆ ಬರುವುದನ್ನೇ ಬಿಟ್ಟ. ಕುಷ್ಟ ಸೈಕಲ್ಲು ಕೊಂಡ, ಜೇಬಿನಲ್ಲಿ ಪೆನ್ನು ಸಿಕ್ಕಿಸಿದ, ಮೀಸೆ ತಿರುವಿದ.

ಬಾರ್ಕೂರಿನ ಒಬ್ಬ ಯಜಮಾನರು ಒಂದು ದಿನ ಮೆಚ್ಚಿ ಬೆನ್ನು ತಟ್ಟುವುದಕ್ಕೆ ಕೈ ಎತ್ತಿ, ತಟ್ಟದೆ ಇಳಿಸಿ, "ನಿನ್ ವಯರಿಂಗ್ ಅಂದ್ರೆ ವಯರಿಂಗ್ ಕುಷ್ಟ. ಯಾರನ್ನೂ ಒಳ್ಗ್ ಹಾಕುದೇ ಬೇಡ" ಎಂದರು. ಕುಷ್ಟ ಹಲ್ಲು ಕಿರಿದು ಬಂದ. ಮನೆಗೆ ಬಂದು ಪದ್ದುವಿಗೆ ಹೇಳಿದ, ಹೆಮ್ಮೆಯಿಂದಲೇ ಹೇಳಿದ.

ಪದ್ದು ಬಂಗುಡೆ ಮೀನು ಕೊಯ್ಯುತ್ತಿದ್ದವಳು ಕತ್ತಿ ನಿಲ್ಲಿಸಿದಳು. "ಹ್ವಾಯ್, ನೀವ್ ಅವ್ರ ಬಾಗಿಲ್ ತೆಗ್ಸ್‌ತೆ ಅಂದದ್ದಲ್ದಾ? ತೆಗ್ಸ್‌ಲಿಲ್ಲ. ಬಾಗಿಲ್ ತೆಗಿದಿದ್ರೂ ಅಡ್ಡಿಲ್ಲೆ ಅಂತ್ ಅವ್ರಿಗ್ ತೋರ್ಸಿ ಕೊಟ್ರಿ."

ಕುಷ್ಟನಿಗೆ ಸಿಟ್ಟು ಬಂತು. ನಿಂಗೆಂತ ಗೊತ್ತಿತ್ತ್ ಎಂದು ರೇಗಿದ. ಸೈಕಲ್ಲು ಹತ್ತಿ ಕಡಲ ದಂಡೆಯವರೆಗೆ ಹೋಗಿ ಬಂದ. ಆದರೆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಕೂತಿತು. ಏಳು ಕೋಣೆ, ಎಂಟು ಕೋಣೆ, ಒಂಬತ್ತು ಕೋಣೆ, ಎಲ್ಲ ಕಡೆ ಅವನ ವಯರು ಹೋಗಿ ಕೂತಿದೆ, ಅವನ ಗಂಟಲೂ ಹೋಗಿ ಬಂದಿದೆ. ಅವನು ಮಾತ್ರ ಇನ್ನೂ ಜಗಲಿಯಲ್ಲಿದ್ದಾನೆ. ಅದನ್ನು ಮಾಡಿಕೊಂಡವನೂ ಅವನೇ. ಬ್ರಹ್ಮಾವರದ ಅಂಗಳದಲ್ಲಿ ನಿಂತಾಗಲೂ ಅವನಿಗೆ ಇಷ್ಟು ನಾಚಿಕೆ ಆಗಿರಲಿಲ್ಲ.

ಎಪ್ಪತ್ತರಲ್ಲಿ ಬೈಂದೂರಿನ ಭೋಜರಾಜ ಹೆಗ್ಡೆಯವರ ಮನೆಯ ಕೆಲಸ ಬಂತು. ಹೆಗ್ಡೆಯವರ ತಾಯಿ ಕುಸುಮಾವತಿಯಮ್ಮನಿಗೆ ಮಂಡಿನೋವು. ದಿನವಿಡೀ ಅಡುಗೆ ಕೋಣೆಯ ಮಣೆಯ ಮೇಲೆ ಕೂತು ಎಲ್ಲರನ್ನೂ ಆಳುವವರು. ಅವರಿಗೆ ಅಲ್ಲಿಯೇ ರೇಡಿಯೊ ಕೇಳಬೇಕು, ಮನೆಯ ಅಷ್ಟೂ ಕೋಣೆಗಳಿಗೆ ಹಾಡು ಹೋಗುವುದು ಅವರೊಬ್ಬರ ಮರ್ಜಿಗೆ. "ತಲ್ಲೂರಿನ ನಮೂನಿಯೇ ಮಾಡ್, ಪೆಟ್ಟಿಗಿ ಹೊರ್ಗೇ ಇರ್ಲಿ" ಎಂದರು ಹೆಗ್ಡೆಯವರು. ಕುಷ್ಟ ಆಗಲಿ ಎಂದ.

ಪೆಟ್ಟಿಗೆ ಹೊರಗೇ ಇಟ್ಟ. ಕೋಣೆಗೊಂದು ವಯರನ್ನೂ ಎಳೆದ. ಅಡುಗೆ ಕೋಣೆಯ ವಯರನ್ನು ಮಾತ್ರ, ಉಪ್ಪಿನಕಾಯಿ ಭರಣಿ ಇಡುವ ಹಲಗೆಯ ಹಿಂದೆ, ಗೋಡೆಯೊಳಗೆ ಕತ್ತರಿಸಿದ. ಕತ್ತರಿಸಿದ ಎರಡು ತುದಿಗಳನ್ನು ಹಿಡಿದುಕೊಂಡು ತುಂಬಾ ಹೊತ್ತು ಕೂತ. ಕೈ ತನ್ನಷ್ಟಕ್ಕೆ ಬಿಗಿಯಾಗಿ ಹೊಸೆಯಲು ಹೊರಡುತ್ತಿತ್ತು. ಸಡಿಲವಾಗಿ ಕಟ್ಟುವುದು ಆ ಕೈಗೆ ಗೊತ್ತಿರಲಿಲ್ಲ. ಮೂರು ಸಲ ಬಿಚ್ಚಿ, ನಾಲ್ಕನೆಯ ಸಲಕ್ಕೆ ಒಂದೇ ಸುತ್ತು ಸುತ್ತಿ, ಟೇಪು ಹಾಕದೆ, ಮೇಲೆ ತೆಳ್ಳಗೆ ಮರದ ಚೂರು ಮುಚ್ಚಿ, ಸುಣ್ಣ ಬಳಿದ. ತನ್ನ ಕೆಲಸದ ಮೇಲೆ ತಾನೇ ಉಗುಳಿದ ಹಾಗೆ ಅನ್ನಿಸಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಒಕ್ಕಲಿನ ದಿನ ಎಲ್ಲವೂ ಹಾಡಿದವು. ಬೇಸಿಗೆ ಕಳೆಯಿತು. ಮಳೆಗಾಲ ಬಂತು, ಗೋಡೆ ನೀರು ಕುಡಿಯಿತು, ತಾಮ್ರ ಕಿಲುಬು ಹಿಡಿಯಿತು. ಆಷಾಢದ ಒಂದು ಮಧ್ಯಾಹ್ನ ಕುಸುಮಾವತಿಯಮ್ಮನ ತಲೆಯ ಮೇಲಿನ ಹಾಡು ಟಪ್ಪೆಂದು ನಿಂತಿತು.

ಹೆಗ್ಡೆಯವರು ಮೊದಲು ಕರೆಸಿದ್ದು ಉಮಾನಾಥನನ್ನು. ಅವನು ಬಂದು ಹೊಸ ಸ್ಪೀಕರು ಹಾಕಿದ, ಹಾಡಲಿಲ್ಲ. ಎರಡು ದಿನ ಅಡುಗೆ ಕೋಣೆಯ ಗೋಡೆಯನ್ನೆಲ್ಲ ಬೆರಳಿನಿಂದ ಕುಟ್ಟಿದ, ಕುಸುಮಾವತಿಯಮ್ಮನಿಂದ ಬೈಸಿಕೊಂಡ, ಕೊನೆಗೆ ಗೋಡೆ ಒಡೆಯಬೇಕು ಎಂದ. ಒಡೆದರೆ ನಿನ್ನ ತಲೆ ಒಡೆಯುತ್ತೇನೆ ಎಂದು ಅಮ್ಮ ಸಟ್ಟುಗ ಎತ್ತಿದಾಗ ಬಸ್ಸು ಹತ್ತಿದ. ಮೂರನೆಯ ವಾರ ಕೋಡಿಗೆ ಹೆಗ್ಡೆಯವರ ಕಾರು ಬಂತು.

ಕುಷ್ಟ ಜಗಲಿಯ ಪೆಟ್ಟಿಗೆ ತೆಗೆದು ನೋಡಿದ ಶಾಸ್ತ್ರ ಮಾಡಿದ. "ಇದ್ ಒಳ್ಗಿಂದ್ ಒಡೇರೆ. ಅಡಿಗಿ ಕೋಣಿ ಗೋಡಿದ್" ಎಂದ.

"ಅಷ್ಟೇ ಅಲ್ದಾ? ಎಲ್ಲ್ ಅಂತ್ ಹೇಳ್, ನಾ ಏಣಿ ಹತ್ತ್‌ತೆ" ಎಂದು ಹೆಗ್ಡೆಯವರು ಪಂಚೆ ಎತ್ತಿ ಕಟ್ಟಿಯೇ ಬಿಟ್ಟರು. "ತಲ್ಲೂರಗೆ ಗುಣಪಾಲ ಶೆಟ್ರ್ ಹತ್ತಿರಂಬ್ರ್."

ಕುಷ್ಟ ಪೆಟ್ಟಿಗೆಯ ಬಾಗಿಲು ಮುಚ್ಚಿದ. "ಹೇಳುಕ್ ಬತ್ತಿಲ್ಲೆ ಒಡೇರೆ. ಕೈಗ್ ಗೊತ್ತಿತ್ತ್, ಬಾಯಿಗ್ ಗೊತ್ತಿಲ್ಲೆ."

ಹೆಗ್ಡೆಯವರ ಮುಖ ಗಂಟಿಕ್ಕಿತು. ಕುಷ್ಟ ಜಗಲಿಯ ಕಂಬಕ್ಕೆ ಒರಗಿ ನಿಂತ. ಈಗ ಹೋಗು ಎಂದರೆ ಹೋಗಬೇಕು, ಬೈಂದೂರಿನಿಂದ ಬ್ರಹ್ಮಾವರದವರೆಗೆ ಇನ್ನು ಯಾರೂ ಕರೆಯಲಾರರು, ಅಪ್ಪನ ದೋಣಿಯೇ ಗತಿ. ಹೊಟ್ಟೆ ಆಗಲೇ ತೊಳಸತೊಡಗಿತ್ತು. ಆದರೂ ಬಾಯಿ ಬಿಡಲಿಲ್ಲ.

ಒಳಗಿನಿಂದ ಕುಸುಮಾವತಿಯಮ್ಮನ ದನಿ ಬಂತು. ಅದಕ್ಕೆ ಸ್ಪೀಕರು ಬೇಕಿರಲಿಲ್ಲ. "ಭೋಜ, ಎಂತ ಅಲ್ಲ್ ಗುಸುಗುಸು? ಮೂರ್ ವಾರ ಆಯ್ತ್ ನಂಗ್ ಪದ್ಯ ಇಲ್ದೆ. ಅವ್ನಿಗ್ ಒಳ್ಗ್ ಬಪ್ಪುಕ್ ಹೇಳ್. ಕಾಲ್ ತೊಳ್ಕಂಡ್ ಬರ್ಲಿ."

ಕುಷ್ಟನ ಬಾಯಿ ಸುಮ್ಮನಿರಲಿಲ್ಲ. "ಉಮಾನಾಥ್ರೂ ಕಾಲ್ ತೊಳ್ದಿರಾ ಅಮ್ಮಾ?" ಎಂದು ಕೂಗಿದ.

ಒಳಗೆ ಅಮ್ಮ ಸಟ್ಟುಗ ಕುಟ್ಟಿದರು. "ಅವ್ನ್ ಕಾಲ್ ನಾ ಎಂತಕ್ ಕಾಂಬುದ್? ಮಳಿಗಾಲ್ದಗೆ ಕೆಸರ್ ಕಾಲಗ್ ನನ್ ಅಡಿಗಿ ಕೋಣಿಗ್ ನನ್ನ್ ಮಗ ಬಂದ್ರೂ ಬಾರಿಸ್ತೆ. ತೊಳ್ಕಂಡ್ ಬಾ."

ಕುಷ್ಟ ತೊಳೆದುಕೊಂಡ. ಮದುಮಗನಂತೆ ಬೆರಳ ಸಂದಿಯನ್ನೂ ಬಿಡದೆ ತೊಳೆದ. ಹೊಸ್ತಿಲು ದಾಟಿದ. ನಡುಮನೆ, ಊಟದ ಕೋಣೆ, ಓಣಿ. ಎಂಟು ತಿಂಗಳು ಗಾರೆಯ ಧೂಳಿನಲ್ಲಿ ತಿರುಗಾಡಿದ ಜಾಗವೇ. ಈಗ ಅಲ್ಲಿ ಮಂಚವಿತ್ತು, ಒಣಗಿಸಲು ಹರಡಿದ ಸೀರೆಯಿತ್ತು, ಗೋಡೆಯಲ್ಲಿ ಗಡಿಯಾರವಿತ್ತು. ಹೆಗ್ಡೆಯವರು ದಾರಿ ತೋರಿಸಲು ಮುಂದೆ ನಡೆದರು. ಕುಷ್ಟನಿಗೆ ಒಳಗೊಳಗೇ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಎರಡು ನಿಮಿಷದ ಕೆಲಸ. ಅವನು ಒಂದೂವರೆ ಗಂಟೆ ಮಾಡಿದ. ಭರಣಿಗಳನ್ನು ಒಂದೊಂದಾಗಿ ಇಳಿಸಿದ, ಹಲಗೆ ಬಿಚ್ಚಿದ, ಕಿಲುಬು ಕೆರೆದ. ಕುಸುಮಾವತಿಯಮ್ಮ ಮಣೆಯ ಮೇಲಿಂದ ಅವನ ಊರು, ಹೆಂಡತಿ, ಸಂಬಂಧ ಎಲ್ಲ ವಿಚಾರಿಸಿದರು. ಬಂಗುಡೆಯ ಗಸಿಗೆ ನಿಮ್ಮ ಪೈಕಿಯವರು ಹುಳಿ ಎಷ್ಟು ಹಾಕುತ್ತಾರೆ ಎಂದು ಕೇಳಿ, ಅವನು ಹೇಳಿದ್ದು ತಪ್ಪು ಎಂದು ಸಾಧಿಸಿದರು. ಸೊಸೆ ಚಾ ತಂದು ಎದುರಿಗಿಟ್ಟಳು. ತಲೆಯ ಮೇಲೆ ಹಾಡು ಶುರುವಾದದ್ದೇ ಅಮ್ಮ ಕಣ್ಣುಮುಚ್ಚಿಕೊಂಡು ತೊಡೆಯ ಮೇಲೆ ತಾಳ ಹಾಕಿದರು.

ಮರದ ಚೂರು ಮುಚ್ಚುವ ಮುಂಚೆ ಅವರು ಕಣ್ಣು ತೆರೆದು, "ಗಟ್ಟಿ ಕಟ್ಟಿದ್ಯಾ? ಇನ್ನ್ ಹಾಳಾತ್ತಿಲ್ಲೆ ಅಲ್ದಾ?" ಎಂದು ಕೇಳಿದರು.

ಕುಷ್ಟ ಜಾಯಿಂಟನ್ನು ನೋಡಿದ. ಇಬ್ಬರು ಹಿಡಿದು ಎಳೆದರೂ ಬಿಚ್ಚದ ಹಾಗೆ ಬಿಗಿದಿದ್ದ. ಅದನ್ನು ಮೆಲ್ಲಗೆ ಬಿಚ್ಚಿ, ಒಂದೇ ಸುತ್ತು ಸುತ್ತಿದ. ಹಾಡು ಒಮ್ಮೆ ತಡೆದು ಮತ್ತೆ ಬಂತು.

"ಮುಂದಿನ್ ಮಳಿಗಾಲಕ್ ಕಾಂಬ ಅಮ್ಮ" ಎಂದ.